ಟೆಫ್ಲಾನ್ ಹಾಳೆ ಮೇಲೆ ಪಾಲಿಡೋಪಮೈನ್ ಲೇಪನ: ತಾಮ್ರ ಯಾಕೆ ಎದ್ದು ಬರುತ್ತೆ?

ತೆಳುಪದರ:

ಎಲ್ಲರಿಗೂ ನಮಸ್ಕಾರ. 5.8 ಗಿಗಾಹರ್ಟ್ಸ್ ಪ್ಯಾಚ್ ಆಂಟೆನಾಗೋಸ್ಕರ 0.5 ಮಿ.ಮೀ. ದಪ್ಪದ, ಫಿಲ್ಲರ್ ಬೆರೆಸದ ಟೆಫ್ಲಾನ್ ಹಾಳೆ ಮೇಲೆ ತಾಮ್ರ ಕೂರಿಸಬೇಕಾಗಿದೆ. ಸೋಡಿಯಂ ಎಚ್ಚಿಂಗ್ (ಸೋಡಿಯಂ ದ್ರಾವಣದಿಂದ ಮೈ ಕೊರೆದು ಅಂಟು ಹಿಡಿಯೋ ಹಾಗೆ ಮಾಡೋದು) ಬೇಡ ಅನ್ನೋದಕ್ಕೆ ಎರಡು ಕಾರಣ: ಆ ದ್ರಾವಣ ಅಪಾಯದ್ದು, ಮತ್ತೆ ಮೈ ಒರಟಾದಷ್ಟೂ ಈ ಆವರ್ತನದಲ್ಲಿ ನಷ್ಟ ಜಾಸ್ತಿ. ಅದಕ್ಕೇ ಪಾಲಿಡೋಪಮೈನ್ ದಾರಿ: ಡೋಪಮೈನ್ ಅಣುಗಳು ಸೇರಿಕೊಂಡು ಕಟ್ಟೋ ಕಂದು ಅಂಟುಪದರ, ಅದರ ಮೇಲೆ ತಾಮ್ರ.

ಈಗಿನ ವಿಧಾನ ಇದು. ಹಾಳೆಯನ್ನು ಐಸೋಪ್ರೊಪನಾಲ್‌ನಲ್ಲಿ ತೊಳೆದು ಒಣಗಿಸಿ ಬೀಕರಿನ ತಳದಲ್ಲಿ ಮಲಗಿಸೋದು. 250 ಮಿ.ಲೀ. ದ್ರಾವಣ: ಲೀಟರಿಗೆ 2 ಗ್ರಾಂ ಡೋಪಮೈನ್ ಹೈಡ್ರೋಕ್ಲೋರೈಡ್, 10 ಮಿಲಿಮೋಲಾರ್ ಟ್ರಿಸ್ (ಪಿಎಚ್ ಸ್ಥಿರವಾಗಿಡೋ ಬಫರ್), ಪಿಎಚ್ 8.5. ಧೂಳು ಬೀಳದ ಹಾಗೆ ಬಾಯಿ ಮುಚ್ಚಿ, ಕಲಕದೆ, 24 ಗಂಟೆ. ನೀರಲ್ಲಿ ಅದ್ದಿ ತೆಗೆದು ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೇ ದಿನ 30 ಡಿಗ್ರಿಯ, ಡಿಎಂಎಬಿ (ಡೈಮೀಥೈಲ್ಅಮೈನ್ ಬೋರೇನ್, ಕರಗಿರೋ ತಾಮ್ರವನ್ನು ಲೋಹವಾಗಿಸೋ ವಸ್ತು) ಹಾಕಿದ ತಾಮ್ರದ ಬಾತ್‌ನಲ್ಲಿ 3 ಗಂಟೆ.

ಹಾಳೆಯ ಮೇಲ್ಮುಖದಲ್ಲಿ ಕಪ್ಪು ಕಾಳು ಕಾಳಾಗಿ ಕೂತಿರುತ್ತೆ, ಕೈಗೆ ಮರಳಿನ ಹಾಗೆ ಸಿಗುತ್ತೆ. ಕೆಳಮುಖ ನುಣುಪಾಗಿದ್ದರೂ ಅಲ್ಲಲ್ಲಿ ಬಣ್ಣವೇ ಹಿಡಿಯದ ದುಂಡನೆ ಕಲೆಗಳು. ಕೊನೆಗೆ ಅಳೆದರೆ ಪಿಎಚ್ 8ಕ್ಕಿಂತ ಕೆಳಗಿರುತ್ತೆ. ತಾಮ್ರ ನೋಡೋಕೆ ಚೆನ್ನಾಗಿ ಬರುತ್ತೆ, ಆದರೆ ಟೇಪ್ ಹಚ್ಚಿ ಕಿತ್ತರೆ ಕಂದು ಪದರದ ಸಮೇತ ಎದ್ದು ಬರುತ್ತೆ.

ನನ್ನ ಪ್ರಶ್ನೆಗಳು: ಕಾಳು ಕಟ್ಟದ ಹಾಗೆ ಮಾಡೋದು ಹೇಗೆ? ಅಂಟು ಎಲ್ಲಿ ಸೋಲ್ತಿದೆ ಅಂತ ಕಂಡುಹಿಡಿಯೋದು ಹೇಗೆ? ಇದೇ ಬಾತ್‌ನಲ್ಲಿ ಅರಾಮಿಡ್ (ಕೆವ್ಲಾರ್ ಜಾತಿಯ ಗಟ್ಟಿ ನೂಲು) ಬಟ್ಟೆಗೂ ಲೇಪನ ಕೊಟ್ಟು ಎಪಾಕ್ಸಿ ಲ್ಯಾಮಿನೇಟ್ ಮಾಡಬಹುದಾ? ಡೋಪಮೈನ್ ದುಬಾರಿ, ಟ್ಯಾನಿಕ್ ಆಮ್ಲ ಹಾಕಿದರೆ ನಡೆಯುತ್ತಾ?


ಕ್ಷಾರಾಮ್ಲ:

ಕಾಳಿನ ವಿಷಯ ಮೊದಲು. ಅಂಟಿನ ಸಮಸ್ಯೆಯಲ್ಲೂ ಅದರ ಪಾಲು ದೊಡ್ಡದು.

ಬಾತ್‌ನಲ್ಲಿ ಎರಡು ಕೆಲಸ ಒಟ್ಟಿಗೆ ನಡೀತಿರುತ್ತೆ. ಡೋಪಮೈನ್ ಆಮ್ಲಜನಕ ತಗೊಂಡು ಕ್ವಿನೋನ್ ಆಗುತ್ತೆ, ತನ್ನದೇ ಅಮೈನ್ ಜೊತೆ ಉಂಗುರ ಕಟ್ಟಿಕೊಂಡು ಡೈಹೈಡ್ರಾಕ್ಸಿಇಂಡೋಲ್ ಆಗುತ್ತೆ, ಅಲ್ಲಿಂದ ಒಂದಕ್ಕೊಂದು ಸೇರಿಕೊಂಡು ಬೆಳೆಯುತ್ತೆ. ಬೆಳವಣಿಗೆ ಹಾಳೆ ಮೇಲೆ ಆದರೆ ಫಿಲ್ಮ್, ನೀರಲ್ಲೇ ಆದರೆ ಕಾಳು. ಕಾಳು ದಪ್ಪ ಆದಮೇಲೆ ತಳಕ್ಕೆ ಇಳಿಯುತ್ತೆ, ತಳದಲ್ಲಿ ನಿಮ್ಮ ಹಾಳೆ ಮಲಗಿದೆ. ಅಷ್ಟೇ ವಿಷಯ. ಮೇಲ್ಮುಖದ ಮರಳು ಫಿಲ್ಮ್ ಅಲ್ಲ, ಫಿಲ್ಮ್ ಮೇಲೆ ಬಿದ್ದಿರೋ ಕೆಸರು. ತಾಮ್ರ ಆ ಕೆಸರನ್ನೇ ಹಿಡಿದು ಬೆಳೆದರೆ ಟೇಪ್‌ಗೆ ಬರದೆ ಇನ್ನೇನಾಗುತ್ತೆ?

ಹಾಳೆಯನ್ನು ನೆಟ್ಟಗೆ ತೂಗುಹಾಕಿ, ಎರಡು ಮುಖಕ್ಕೂ ದ್ರಾವಣ ಹರಿಯಲಿ. ತೆಳು ಟೆಫ್ಲಾನ್ ನೀರಿಗಿಂತ ಎರಡು ಪಟ್ಟು ತೂಕದ್ದಾದರೂ ಮೈ ಒದ್ದೆಯಾಗದ ಕಾರಣ ಮೇಲೇ ತೇಲಿ ನಿಲ್ಲಬಹುದು, ಅದಕ್ಕೆ ಕೆಳಗಡೆ ಒಂದು ಪ್ಲಾಸ್ಟಿಕ್ ಕ್ಲಿಪ್ ಭಾರಕ್ಕೆ ಇರಲಿ. ಲೋಹದ ಕ್ಲಿಪ್ ಬೇಡ. ಕೆಳಮುಖದ ದುಂಡು ಕಲೆಗಳು ಹಾಳೆಗೆ ಅಂಟಿಕೊಂಡ ಗಾಳಿಗುಳ್ಳೆಯ ಗುರುತು. ಐಸೋಪ್ರೊಪನಾಲ್‌ನಲ್ಲಿ ತೊಳೆದ ಮೇಲೆ ಒಣಗಿಸಬೇಡಿ, ಒದ್ದೆ ಇರುವಾಗಲೇ ಬಫರ್‌ಗೆ ಅದ್ದಿ ಎರಡು ಸಲ ಆಡಿಸಿ, ಆಮೇಲೆ ಡೋಪಮೈನ್ ಬಾತ್‌ಗೆ ಹಾಕಿ.

ಇನ್ನು ಗಾಳಿ. ಲೀಟರಿಗೆ 2 ಗ್ರಾಂ ಅಂದರೆ ಸುಮಾರು 10.5 ಮಿಲಿಮೋಲಾರ್ ಡೋಪಮೈನ್. 25 ಡಿಗ್ರಿಯಲ್ಲಿ ನೀರಿನಲ್ಲಿ ಕರಗಿರೋ ಆಮ್ಲಜನಕ ಸಮುದ್ರಮಟ್ಟದಲ್ಲಿ ಬರೀ 0.26 ಮಿಲಿಮೋಲಾರ್, ಬೆಂಗಳೂರಿನಂಥ 900 ಮೀಟರ್ ಎತ್ತರದ ಊರಲ್ಲಿ ಇನ್ನೂ ಹತ್ತನೇ ಒಂದು ಪಾಲು ಕಡಿಮೆ. ಒಂದು ಡೋಪಮೈನ್ ಅಣು ಇಂಡೋಲ್ ಹಂತಕ್ಕೆ ಬರಲು ಕನಿಷ್ಠ ಒಂದು ಆಮ್ಲಜನಕ ಅಣು ಬೇಕು. ಅಂದರೆ ಕರಗಿರೋದರ 40 ಪಟ್ಟು ಗಾಳಿಯಿಂದಲೇ ಒಳಗೆ ಬರಬೇಕು. ಬಾಯಿ ಮುಚ್ಚಿ, ಕಲಕದೆ ಇಟ್ಟರೆ ಮೇಲಿನ ಪದರ ಕಪ್ಪಾಗುತ್ತೆ, ತಳ ಹಸಿದುಕೊಂಡಿರುತ್ತೆ. ಅಗಲವಾದ ಟ್ರೇ, 3-4 ಸೆಂ.ಮೀ. ಆಳ, ಮೇಲೆ ಟಿಶ್ಯೂ ಅಥವಾ ತೂತು ಮಾಡಿದ ಫಾಯಿಲ್, ಕೆಳಗೆ ನಿಧಾನವಾಗಿ ತೂಗೋ ಶೇಕರ್. ಮ್ಯಾಗ್ನೆಟಿಕ್ ಸ್ಟರರ್ ಜೋರಾಗಿ ತಿರುಗಿಸಿದರೆ ನೊರೆ ಬರುತ್ತೆ, ಕಾಳೂ ಜಾಸ್ತಿ.

ಪಿಎಚ್ ಇಳಿಯೋದು ಬಫರ್ ಸಾಲದೆ. ಪ್ರತಿಕ್ರಿಯೆ ನಡೆದಂತೆಲ್ಲ ಪ್ರೋಟಾನ್ ಹೊರಬರುತ್ತೆ. 10 ಮಿಲಿಮೋಲಾರ್ ಟ್ರಿಸ್‌ನಲ್ಲಿ ಪಿಎಚ್ 8.5ಕ್ಕೆ ಅದನ್ನು ಹಿಡಿಯುವ ರೂಪದಲ್ಲಿರೋದು ಸುಮಾರು 7 ಮಿಲಿಮೋಲಾರ್ ಮಾತ್ರ, ಎದುರಿಗೆ 10.5 ಮಿಲಿಮೋಲಾರ್ ಡೋಪಮೈನ್ ಇದೆ. 50 ಮಿಲಿಮೋಲಾರ್ ಮಾಡಿ: ಲೀಟರಿಗೆ 6.06 ಗ್ರಾಂ ಟ್ರಿಸ್, ಹೈಡ್ರೋಕ್ಲೋರಿಕ್ ಆಮ್ಲದಿಂದ 8.5ಕ್ಕೆ ತನ್ನಿ. ಬಾತ್ ಯಾವ ಉಷ್ಣಾಂಶದಲ್ಲಿ ಇರುತ್ತೋ ಅದೇ ಉಷ್ಣಾಂಶದಲ್ಲಿ ಅಳೆಯಿರಿ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ 0.028 ಇಳಿಯುತ್ತೆ, 20 ಡಿಗ್ರಿಯಲ್ಲಿ ಹೊಂದಿಸಿ 30 ಡಿಗ್ರಿಯಲ್ಲಿ ಬಳಸಿದರೆ ಶುರುವಿನಲ್ಲೇ 0.28 ಹೋಯ್ತು.

ಅದೇ ದ್ರಾವಣದಲ್ಲಿ 24 ಗಂಟೆ ಬಿಡೋ ಬದಲು 4 ಗಂಟೆಯ 3 ಸುತ್ತು ಮಾಡಿ, ಪ್ರತಿ ಸುತ್ತಿಗೂ ಹೊಸ ದ್ರಾವಣ. ಫಿಲ್ಮ್ ಬೆಳೆಯೋದು ಹೆಚ್ಚಾಗಿ ಮೊದಲ ಗಂಟೆಗಳಲ್ಲೇ, ಆಮೇಲೆ ಉಳಿಯೋದು ಕಾಳಿನ ಕಾರುಬಾರು. 2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮೆಸರ್‌ಸ್ಮಿತ್ ಅವರ ತಂಡ ಈ ವಿಧಾನ ಪ್ರಕಟಿಸಿದಾಗಲೂ ಒಂದೇ ದ್ರಾವಣದಲ್ಲಿ 24 ಗಂಟೆಗೆ ದಪ್ಪ 50 ನ್ಯಾನೋಮೀಟರ್ ಆಸುಪಾಸಿಗೆ ಬಂದು ನಿಂತಿತ್ತು. ಸುತ್ತುಗಳ ನಡುವೆ ಡಿಅಯಾನೈಸ್ಡ್ ನೀರಲ್ಲಿ ತೊಳೆದು, ಕಡಿಮೆ ಶಕ್ತಿಯಲ್ಲಿ 5 ನಿಮಿಷ ಸೋನಿಕೇಟರ್‌ಗೆ ಹಾಕಿ. ಸಡಿಲ ಕಾಳೆಲ್ಲ ಅಲ್ಲೇ ಉದುರಬೇಕು. ಫಿಲ್ಮೇ ಉದುರಿದರೆ ಅಡಿಯ ಹಿಡಿತ ಸಾಲದು ಅಂತ ತಾಮ್ರ ಖರ್ಚು ಮಾಡೋ ಮುಂಚೆಯೇ ಗೊತ್ತಾಗುತ್ತೆ.

ಬಣ್ಣದ ಮೇಲೆ ಕಣ್ಣಿಡಿ. ಬಣ್ಣವಿಲ್ಲದ ದ್ರಾವಣ ಕೆಲವೇ ನಿಮಿಷದಲ್ಲಿ ತಿಳಿ ಗುಲಾಬಿ ಕಿತ್ತಳೆಗೆ, ಆಮೇಲೆ ಕಂದಿಗೆ, ಕೊನೆಗೆ ಕಪ್ಪಿಗೆ ತಿರುಗುತ್ತೆ. ಹತ್ತು ನಿಮಿಷ ಆದರೂ ಬಣ್ಣ ಬಾರದಿದ್ದರೆ ಪಿಎಚ್ ಮೀಟರನ್ನು ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿ. ಪುಡಿ ಬೆಳ್ಳಗಿರಬೇಕು. ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಡಬ್ಬಿಯಲ್ಲೇ ಆಕ್ಸಿಡೈಸ್ ಆಗಿದೆ.

ಅವಸರ ಇದ್ದರೆ ಇನ್ನೊಂದು ದಾರಿ ಇದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ್ದು: ಅದೇ 2 ಗ್ರಾಂ ಡೋಪಮೈನ್, 50 ಮಿಲಿಮೋಲಾರ್ ಟ್ರಿಸ್, ಜೊತೆಗೆ 5 ಮಿಲಿಮೋಲಾರ್ ಕಾಪರ್ ಸಲ್ಫೇಟ್ ಮತ್ತು 19.6 ಮಿಲಿಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್. ತೂಕದಲ್ಲಿ ಹೇಳೋದಾದರೆ ಲೀಟರಿಗೆ 1.25 ಗ್ರಾಂ ಮೈಲುತುತ್ತ, 30 ಶೇಕಡಾದ ಪೆರಾಕ್ಸೈಡ್ 2 ಮಿ.ಲೀ. ಗಂಟೆಗೆ 40 ನ್ಯಾನೋಮೀಟರ್ ಮೇಲೆ ಬೆಳೆಯುತ್ತೆ, ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತೆ, ಮೈಯೂ ಏಕಸಮ. ಫಿಲ್ಮ್ ಒಳಗೆ ಸ್ವಲ್ಪ ತಾಮ್ರ ಉಳಿಯುತ್ತೆ. ಹೇಗೂ ಮೇಲೆ ತಾಮ್ರವನ್ನೇ ಕೂರಿಸೋದರಿಂದ ನಿಮ್ಮ ಕೆಲಸಕ್ಕೆ ಅದು ಅಡ್ಡಿಯಲ್ಲ.

ದಪ್ಪ ಅಳೆಯೋಕೆ ಪ್ರತಿ ಬಾತ್‌ನಲ್ಲೂ ಒಂದು ಸಿಲಿಕಾನ್ ವೇಫರ್ ಚೂರನ್ನು ಹಾಳೆಯ ಪಕ್ಕದಲ್ಲೇ ತೂಗುಹಾಕಿ, ಎಲಿಪ್ಸೋಮೀಟರ್‌ನಲ್ಲಿ ನೋಡಿ. ಐಐಎಸ್‌ಸಿಯ ನ್ಯಾನೋ ಕೇಂದ್ರದ ಮಾಪನ ಸೌಲಭ್ಯ ಹೊರಗಿನವರಿಗೂ ಶುಲ್ಕಕ್ಕೆ ಸಿಗುತ್ತೆ.


ತಾಮ್ರದಾರಿ:

ಬಾತ್ ಬಗ್ಗೆ ಮೇಲೆ ಹೇಳಿದ್ದೆಲ್ಲ ಸರಿ. ಆದರೆ ಕಾಳು ಪೂರ್ತಿ ನಿಂತ ಮೇಲೂ ಟೆಫ್ಲಾನ್ ಮೇಲೆ ಹಿಡಿತ ಸಾಲದೆ ಹೋಗಬಹುದು, ಅದನ್ನು ಈಗಲೇ ತಿಳಿದುಕೊಂಡಿರೋದು ಒಳ್ಳೇದು.

ಈ ರಸಾಯನ ಬಂದಿದ್ದು ನಮ್ಮ ಕರಾವಳಿಯವರು ಪಚ್ಚಿಲೆ ಅನ್ನೋ ಜಾತಿಯ ಚಿಪ್ಪುಜೀವಿಯಿಂದ. ಅದರ ಅಂಟಿನಲ್ಲಿ ಡೋಪಾ (ಡೋಪಮೈನ್‌ಗೆ ಹತ್ತಿರದ ಅಮೈನೋ ಆಮ್ಲ) ಇದೆ ಅಂತ 1981ರಲ್ಲಿ ವೇಟ್ ಮತ್ತು ಟ್ಯಾನ್ಜರ್ ತೋರಿಸಿದರು. ಅಂಟಿನ ತುದಿಯಲ್ಲಿ, ಬಂಡೆಗೆ ತಾಗೋ ಜಾಗದಲ್ಲಿರೋ ಪ್ರೋಟೀನ್‌ನಲ್ಲಿ ಅಮೈನೋ ಆಮ್ಲಗಳ ಕಾಲು ಭಾಗಕ್ಕೂ ಹೆಚ್ಚು ಡೋಪಾನೇ, ಜೊತೆಗೆ ಧಾರಾಳವಾಗಿ ಲೈಸೀನ್. ಡೋಪಾದ ಕ್ಯಾಟೆಕಾಲ್ (ಪಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿಲ್ ಇರೋ ಉಂಗುರ) ಬಂಡೆಯಲ್ಲಿರೋ ಲೋಹದ ಆಕ್ಸೈಡನ್ನು ಗಟ್ಟಿಯಾಗಿ ಹಿಡಿಯುತ್ತೆ. ಟೆಫ್ಲಾನ್ ಮೇಲೆ ಹಿಡಿಯೋಕೆ ಏನಿದೆ? ಆಕ್ಸೈಡ್ ಇಲ್ಲ, ಹೈಡ್ರಾಕ್ಸಿಲ್ ಇಲ್ಲ, ಬರೀ ಫ್ಲೋರಿನ್. ಅಲ್ಲಿ ಫಿಲ್ಮ್ ನಿಲ್ಲೋದು ವ್ಯಾನ್ ಡರ್ ವಾಲ್ಸ್ ಸೆಳೆತದಿಂದ, ಮತ್ತೆ ಫಿಲ್ಮ್ ಸ್ವತಃ ಒಂದಕ್ಕೊಂದು ಹೆಣೆದುಕೊಂಡಿರೋದರಿಂದ. ಪಾಲಿಡೋಪಮೈನ್ ಯಾವುದಕ್ಕೆ ಬೇಕಾದರೂ ಹತ್ತುತ್ತೆ ಅನ್ನೋದು ನಿಜ. ಯಾವುದರ ಮೇಲೆ ಬೇಕಾದರೂ ಎಳೆತ ತಡೆಯುತ್ತೆ ಅನ್ನೋದು ನಿಜ ಅಲ್ಲ.

ಎಲ್ಲಿ ಸೋಲ್ತಿದೆ ಅಂತ ನೋಡೋಕೆ ನೀರಿನ ಹನಿ ಸಾಕು. ಟೇಪ್ ಕಿತ್ತ ಜಾಗದಲ್ಲಿ ಹಾಳೆ ಮೇಲೊಂದು, ಟೇಪ್‌ಗೆ ಅಂಟಿ ಬಂದ ಪದರದ ಬೆನ್ನ ಮೇಲೊಂದು ಹನಿ ಇಡಿ. ಪಕ್ಕದಿಂದ ಮ್ಯಾಕ್ರೋ ಲೆನ್ಸ್‌ನಲ್ಲಿ ಫೋಟೋ ತೆಗೆದು ಕೋನ ಅಳೆಯಿರಿ. ಬರಿಯ ಟೆಫ್ಲಾನ್ ಸುಮಾರು 110 ಡಿಗ್ರಿ, ಪಾಲಿಡೋಪಮೈನ್ 40ರಿಂದ 60. ಹಾಳೆ ಕಡೆ 110, ಟೇಪ್ ಕಡೆ 50 ಬಂದರೆ ಸೋತಿದ್ದು ಟೆಫ್ಲಾನ್ ಮತ್ತು ಫಿಲ್ಮ್ ನಡುವೆ. ಎರಡೂ ಕಡೆ 50 ಬಂದರೆ ಫಿಲ್ಮ್ ತಾನೇ ನಡುವೆ ಸೀಳಿದೆ, ಅಂದರೆ ದಪ್ಪ ಜಾಸ್ತಿ ಅಥವಾ ಕಾಳು ಜಾಸ್ತಿ. ಎರಡೂ ಕಡೆ 110 ಬಂದರೆ ಟೆಫ್ಲಾನ್‌ನ ಮೇಲ್ಪೊರೆಯೇ ಕಿತ್ತು ಬಂದಿದೆ. ಈ ಮೂರನೆಯದನ್ನು ಸುಮಾರು ಜನ ಗಮನಿಸೋದೇ ಇಲ್ಲ. ಮಾರುಕಟ್ಟೆಯ ಹಾಳೆ ಬಹುತೇಕ ದೊಡ್ಡ ಉರುಳೆಯಿಂದ ಅಲಗಿನಲ್ಲಿ ಸುಲಿದು ತೆಗೆದಿದ್ದು, ಅದರ ಮೈ ಮೇಲೆ ಸಡಿಲವಾದ ಒಂದು ಪೊರೆ ಇರುತ್ತೆ. ಅದರ ಮೇಲೆ ಏನೇ ಹಚ್ಚಿದರೂ ಪೊರೆ ಸಮೇತ ಬರುತ್ತೆ. ನೀವು ಕಂದು ಪದರದ ಸಮೇತ ಎದ್ದು ಬರುತ್ತೆ ಅಂದಿರೋದರಿಂದ ಒಂದನೆಯದೋ ಮೂರನೆಯದೋ ಇರಬೇಕು.

ಎರಡಕ್ಕೂ ಪರಿಹಾರ ಬಾತ್‌ಗಿಂತ ಮುಂಚೆ ಪ್ಲಾಸ್ಮಾ. ಬರೀ ಆಮ್ಲಜನಕದ ಪ್ಲಾಸ್ಮಾ ಟೆಫ್ಲಾನ್‌ನ ಸವೆಸುತ್ತೆ ಹೊರತು ಹಿಡಿಯೋಕೆ ಗುಂಪುಗಳನ್ನು ಅಷ್ಟಾಗಿ ಬಿಡೋದಿಲ್ಲ. ಹೈಡ್ರೋಜನ್ ಬೆರೆತ ಅನಿಲ ಅಥವಾ ಅಮೋನಿಯಾ ಪ್ಲಾಸ್ಮಾ ಫ್ಲೋರಿನ್ ಕಿತ್ತು ಆ ಜಾಗದಲ್ಲಿ ಕೊಕ್ಕೆ ಬಿಡುತ್ತೆ. ಅದಿಲ್ಲದಿದ್ದರೆ ಆರ್ಗಾನ್. 1ರಿಂದ 3 ನಿಮಿಷ ಸಾಕು, ಹೊರಗೆ ತೆಗೆದ ಕೆಲವೇ ನಿಮಿಷದಲ್ಲಿ ಬಾತ್‌ಗೆ ಹೋಗಬೇಕು.

ತಾಮ್ರದ ಬಾತ್ ಯಾವ ಪ್ರಮಾಣದ್ದು ಅಂತ ಬರೆದಿಲ್ಲ. 2007ರ ಪ್ರಮಾಣವನ್ನೇ ಲೀಟರ್ ಲೆಕ್ಕದಲ್ಲಿ ಹೇಳ್ತೀನಿ: ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ 18.6 ಗ್ರಾಂ, ಕಾಪರ್ ಕ್ಲೋರೈಡ್ ಡೈಹೈಡ್ರೇಟ್ 8.5 ಗ್ರಾಂ, ಬೋರಿಕ್ ಆಮ್ಲ 6.2 ಗ್ರಾಂ. ಕಾಸ್ಟಿಕ್ ಸೋಡಾದಿಂದ ಪಿಎಚ್ 7ಕ್ಕೆ ತಂದ ಮೇಲೆ, ಬಳಸೋ ಹೊತ್ತಿಗೆ 5.9 ಗ್ರಾಂ ಡಿಎಂಎಬಿ. 30 ಡಿಗ್ರಿಯಲ್ಲಿ 2ರಿಂದ 4 ಗಂಟೆ. ಡಿಎಂಎಬಿ ಚರ್ಮದ ಮೂಲಕವೂ ಒಳಹೋಗೋ ವಿಷ, ಹೈಡ್ರೋಜನ್ ಬೇರೆ ಬರುತ್ತೆ, ಫ್ಯೂಮ್ ಹುಡ್ ಒಳಗೇ ಮಾಡಿ. ಬೀಕರಿನ ಗೋಡೆ ಮೇಲೆ ಕೆಂಪು ಪುಡಿ ಕೂರಲು ಶುರುವಾದರೆ ಬಾತ್ ಒಡೆದಿದೆ ಅಂತ ಅರ್ಥ, ಹಾಳೆ ತೆಗೆದುಬಿಡಿ.

ಫಾರ್ಮಾಲ್ಡಿಹೈಡ್ ಹಾಕಿದ ರೆಡಿಮೇಡ್ ಎಲೆಕ್ಟ್ರೋಲೆಸ್ (ವಿದ್ಯುತ್ ಹರಿಸದೆ ಕೂರಿಸೋ) ತಾಮ್ರ ಈ ಹಂತದಲ್ಲಿ ಬಳಸಬೇಡಿ. ಅದರ ಪಿಎಚ್ 12ರ ಮೇಲೆ, ತೀರಾ ಕ್ಷಾರದಲ್ಲಿ ಪಾಲಿಡೋಪಮೈನ್ ಕರಗಿ ಬಿಟ್ಟುಕೊಳ್ಳುತ್ತೆ. ಇನ್ನು ರಾತ್ರಿಯಿಡೀ ಒಣಗಿಸೋದು ಬಿಡಿ. ಗಾಳಿಯಲ್ಲಿ ಕ್ಯಾಟೆಕಾಲ್ ಕ್ವಿನೋನ್ ಆಗ್ತಾ ಹೋಗುತ್ತೆ, ತಾಮ್ರದ ಬೀಜ (ಬೆಳವಣಿಗೆ ಶುರುವಾಗೋ ಮೊದಲ ಕಣಗಳು) ಹಿಡಿಯೋ ಶಕ್ತಿ ಕುಗ್ಗುತ್ತೆ. ತೊಳೆದು ಒದ್ದೆ ಇದ್ದಂತೆಯೇ ತಾಮ್ರಕ್ಕೆ ಹಾಕಿ.

ತಾಮ್ರ ಕೂತ ಮೇಲೆ ಒಳಗೆ ಸಿಕ್ಕಿರೋ ನೀರು, ಹೈಡ್ರೋಜನ್ ಹೋಗಲಿ ಅಂತ ನೈಟ್ರೋಜನ್ ಹರಿಸಿ 110 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಗುಳ್ಳೆ ಏಳೋದಿದ್ದರೆ ಅಲ್ಲೇ ಏಳುತ್ತೆ, ಬೆಸುಗೆ ಹಾಕುವಾಗ ಏಳೋದಕ್ಕಿಂತ ಅದು ವಾಸಿ. ಅದಾದ ಮೇಲೆ ಆಮ್ಲ ತಾಮ್ರದ ಬಾತ್‌ನಲ್ಲಿ ವಿದ್ಯುತ್ ಹರಿಸಿ 25-35 ಮೈಕ್ರಾನ್‌ವರೆಗೆ ದಪ್ಪ ಮಾಡಿ. ಅಂಟಿನ ನಿಜವಾದ ಪರೀಕ್ಷೆ ಆ ದಪ್ಪದಲ್ಲೇ: ಐಪಿಸಿ-ಟಿಎಂ-650ರ 2.4.8 ವಿಧಾನದಲ್ಲಿ ಪಟ್ಟಿಯನ್ನು 90 ಡಿಗ್ರಿಗೆ ಎಳೆದು ನೋಡೋದು. ಟೇಪ್ ಪರೀಕ್ಷೆ ಬೇಗ ಜರಡಿ ಹಿಡಿಯೋಕೆ ಮಾತ್ರ, ಎಎಸ್‌ಟಿಎಂ ಡಿ3359 ಪ್ರಕಾರ 1 ಮಿ.ಮೀ. ಅಂತರದಲ್ಲಿ 11 ಗೀರು ಹಾಕಿ ಮಾಡಿ.

ಆಂಟೆನಾ ಆದ್ದರಿಂದ ಇನ್ನೊಂದು ಮಾತು. 5.8 ಗಿಗಾಹರ್ಟ್ಸ್‌ನಲ್ಲಿ ತಾಮ್ರದ ಸ್ಕಿನ್ ಡೆಪ್ತ್ (ಕರೆಂಟ್ ಹೆಚ್ಚಾಗಿ ಹರಿಯೋ ಮೇಲ್ಪದರದ ಆಳ) ಸುಮಾರು 0.87 ಮೈಕ್ರಾನ್. ಪ್ಯಾಚ್‌ನಲ್ಲಿ ಕರೆಂಟ್ ಹೆಚ್ಚಾಗಿ ಹರಿಯೋದು ಡೈಎಲೆಕ್ಟ್ರಿಕ್ ಕಡೆಗಿರೋ ಮುಖದಲ್ಲಿ, ಅಂದರೆ ಸರಿಯಾಗಿ ನಿಮ್ಮ ಎಲೆಕ್ಟ್ರೋಲೆಸ್ ಪದರದಲ್ಲಿ. ಆ ಪದರದ ಕಣಗಳು ಸಣ್ಣ, ರೋಧ ಜಾಸ್ತಿ. ಹಾಗಾಗಿ ಅದು ವಿದ್ಯುತ್ ಲೇಪನಕ್ಕೆ ಸಾಕಾಗುವಷ್ಟು, 0.2-0.3 ಮೈಕ್ರಾನ್ ಮಾತ್ರ ಇರಲಿ. 50 ನ್ಯಾನೋಮೀಟರ್ ಪಾಲಿಡೋಪಮೈನ್‌ನಿಂದ ಡೈಎಲೆಕ್ಟ್ರಿಕ್ ನಷ್ಟ ಲೆಕ್ಕಕ್ಕೇ ಬರೋದಿಲ್ಲ. ಕಾಳಿನಿಂದ ಬರೋ ಒರಟುತನ ಮಾತ್ರ ಖಂಡಿತ ಲೆಕ್ಕಕ್ಕೆ ಬರುತ್ತೆ.


ತೆಳುಪದರ:

ತುಂಬಾ ಉಪಯೋಗ ಆಯ್ತು ಸರ್, ಇಬ್ಬರಿಗೂ ಧನ್ಯವಾದ. ಹನಿ ಇಟ್ಟು ನೋಡಿದೆ: ಹಾಳೆ ಕಡೆ 108, ಟೇಪ್ ಕಡೆ 55ರ ಆಸುಪಾಸು. ಹಾಗಾದರೆ ಒಂದನೆಯದೇ, ಆರ್ಗಾನ್ ಪ್ಲಾಸ್ಮಾ ಸಿಗುತ್ತೆ, ಹಾಕ್ತೀನಿ. ಇನ್ನೆರಡು ಅನುಮಾನ. ತಾಮ್ರಕ್ಕೆ ಮುಂಚೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದರೆ ಬೀಜ ಚೆನ್ನಾಗಿ ಕೂರುತ್ತಾ? ಹಾಗೆ ಮಾಡಿದರೆ ಬೆಳ್ಳಗೆ ಮಬ್ಬು ಬರ್ತಿದೆ. ಪ್ಯಾಟರ್ನ್ ಮಾಡಿದ ಮೇಲೆ ತಾಮ್ರ ಇಲ್ಲದ ಜಾಗದಲ್ಲಿ ಉಳಿಯೋ ಪಾಲಿಡೋಪಮೈನ್‌ನಿಂದ ತೊಂದರೆ ಇದೆಯಾ?


ತಾಮ್ರದಾರಿ:

ಬೆಳ್ಳಗಿರೋದು ಸಿಲ್ವರ್ ಕ್ಲೋರೈಡ್. ಡೋಪಮೈನ್ ಹೈಡ್ರೋಕ್ಲೋರೈಡ್‌ನಿಂದ, ಟ್ರಿಸ್‌ಗೆ ಹಾಕಿದ ಆಮ್ಲದಿಂದ ಉಳಿದ ಕ್ಲೋರೈಡೇ ಕಾರಣ. ಡಿಅಯಾನೈಸ್ಡ್ ನೀರನ್ನು ಮೂರು ಸಲ ಬದಲಿಸಿ ತೊಳೆದರೆ ಹೋಗುತ್ತೆ. ಕೊನೆಯ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ತಿಳಿಯಾಗೇ ಇದ್ದರೆ ಸಾಕಷ್ಟು ತೊಳೆದಂತೆ. ಆದರೆ ಈ ತಾಮ್ರದ ಬಾತ್‌ಗೆ ಬೆಳ್ಳಿ ಬೀಜ ಬೇಕೇ ಬೇಕು ಅಂತಿಲ್ಲ, ಪಾಲಿಡೋಪಮೈನ್ ಮೇಲೆ ನೇರವಾಗಿಯೇ ತಾಮ್ರ ಶುರುವಾಗುತ್ತೆ. ಬೆಳ್ಳಿ ಹಾಕಿದರೆ ಇನ್ನೊಂದು ಇಂಟರ್‌ಫೇಸ್ ಜಾಸ್ತಿ. ಜೊತೆಗೆ ತೇವ, ವೋಲ್ಟೇಜ್ ಎರಡೂ ಇರೋ ಕಡೆ ಬೆಳ್ಳಿ ವಲಸೆ ಹೋಗಿ ಶಾರ್ಟ್ ಮಾಡೋ ಗುಣದ್ದು. ಬಿಟ್ಟುಬಿಡಿ.

ಎರಡನೇ ಪ್ರಶ್ನೆ ಮುಖ್ಯವಾದದ್ದು. ಮೆಲನಿನ್ ಜಾತಿಯ ವಸ್ತುಗಳು ತೇವ ಹೀರಿದಷ್ಟೂ ವಾಹಕತೆ ಏರುತ್ತೆ. ಒಣ ಹವೆಯಲ್ಲಿ ಅಳೆದರೆ ಏನೂ ಕಾಣೋದಿಲ್ಲ, ಮಳೆಗಾಲದಲ್ಲಿ ಲೀಕೇಜ್ ಕಾಣುತ್ತೆ. ಎಚ್ಚಿಂಗ್ ಮುಗಿದ ಮೇಲೆ ಆಮ್ಲಜನಕ ಪ್ಲಾಸ್ಮಾ ಒಂದೆರಡು ನಿಮಿಷ ಕೊಟ್ಟು ಬರಿ ಜಾಗದ ಫಿಲ್ಮ್ ಸುಟ್ಟು ತೆಗೆಯಿರಿ. ಸರ್ಫೇಸ್ ಇನ್ಸುಲೇಷನ್ ರೆಸಿಸ್ಟೆನ್ಸ್ (ಮೈ ಮೇಲಿನ ವಿದ್ಯುತ್ ರೋಧ) ಪರೀಕ್ಷೆ 40 ಡಿಗ್ರಿ, 90 ಶೇಕಡಾ ತೇವದಲ್ಲಿ ಮಾಡಿ, 100 ಮೆಗಾಓಮ್ ಮೇಲಿರಬೇಕು.

ಎಚ್ಚಿಂಗ್‌ಗೆ ಫೆರಿಕ್ ಕ್ಲೋರೈಡ್ ಬೇಡ. ಕ್ಯಾಟೆಕಾಲ್‌ಗೆ ಕಬ್ಬಿಣ ಅಂದರೆ ಬಲು ಪ್ರೀತಿ, ಬರಿ ಜಾಗದ ಫಿಲ್ಮೆಲ್ಲ ಕಬ್ಬಿಣ ಹೀರಿಕೊಂಡು ಕೂರುತ್ತೆ, ಎಷ್ಟು ತೊಳೆದರೂ ಬಿಡೋದಿಲ್ಲ. ಸೋಡಿಯಂ ಪರ್‌ಸಲ್ಫೇಟ್ ಬಳಸಿ. ಡ್ರೈ ಫಿಲ್ಮ್ ರೆಸಿಸ್ಟ್ (ಎಚ್ಚಿಂಗ್ ಆಗುವಾಗ ಟ್ರ್ಯಾಕ್ ಕಾಯೋ ಪೊರೆ) ಬಿಡಿಸೋಕೆ ಎಲ್ಲರೂ ಹಾಕೋ 3 ಶೇಕಡಾ ಕಾಸ್ಟಿಕ್ ಇಲ್ಲಿ ಕೈಕೊಡುತ್ತೆ, ಟ್ರ್ಯಾಕ್‌ನ ಅಂಚಿನಿಂದ ಒಳಗೆ ನುಗ್ಗಿ ಫಿಲ್ಮ್ ಕರಗಿಸುತ್ತೆ. ಸಣ್ಣ ಅಗಲದ ಫೀಡ್ ಲೈನ್ ತುದಿಯಲ್ಲಿ ಎದ್ದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಅಸಿಟೋನ್‌ನಲ್ಲಿ ಬಿಡಿಸಿ.


ನೂಲುರಾಳ:

ಅರಾಮಿಡ್ ಬಟ್ಟೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ.

ಹಾಳೆಯ ಬಾತ್‌ನಲ್ಲೇ ಬಟ್ಟೆ ಹಾಕಿದರೆ ಡೋಪಮೈನ್ ಸಾಲೋದಿಲ್ಲ. ಲೆಕ್ಕ ನೋಡಿ. ನೂಲಿನ ಎಳೆ 12 ಮೈಕ್ರಾನ್ ವ್ಯಾಸ, ಸಾಂದ್ರತೆ 1.44. ಹಾಗಾದರೆ ಒಂದು ಗ್ರಾಂ ಬಟ್ಟೆಯ ಎಳೆಗಳ ಒಟ್ಟು ಮೈ 0.23 ಚದರ ಮೀಟರ್. ಅದಕ್ಕೆ 30 ನ್ಯಾನೋಮೀಟರ್ ಫಿಲ್ಮ್ ಅಂದರೆ ಸುಮಾರು 9 ಮಿಲಿಗ್ರಾಂ. 100 ಗ್ರಾಂ ಬಟ್ಟೆಗೆ 0.9 ಗ್ರಾಂ ಫಿಲ್ಮ್ ಬೇಕು. ಲೀಟರಿಗೆ 2 ಗ್ರಾಂ ಹೈಡ್ರೋಕ್ಲೋರೈಡ್ ಹಾಕಿದರೆ ಅದರಲ್ಲಿ ನಿಜವಾದ ಡೋಪಮೈನ್ 1.6 ಗ್ರಾಂ, ಅದರಲ್ಲೂ ಬಹುಪಾಲು ಕಾಳಾಗಿ ಹೋಗುತ್ತೆ. 100 ಗ್ರಾಂ ಬಟ್ಟೆಗೆ 3 ಲೀಟರಿಗಿಂತ ಕಡಿಮೆ ಬೇಡ.

ಬಟ್ಟೆಯಲ್ಲಿ ಕಾಳಿನ ಕಾಟ ಬೇರೆ ರೂಪದಲ್ಲಿ ಬರುತ್ತೆ. ನೂಲು ಒಂದು ಫಿಲ್ಟರ್‌ನ ಹಾಗೆ ಕೆಲಸ ಮಾಡುತ್ತೆ, ಕಾಳು ಹೊರಗಿನ ಎಳೆಗಳ ಮೇಲೇ ನಿಲ್ಲುತ್ತೆ. ಲೇಪನ ಆದ ಒಂದು ನೂಲನ್ನು ಬಟ್ಟೆಯಿಂದ ಎಳೆದು ಸೂಜಿಯಲ್ಲಿ ಬಿಡಿಸಿ ನೋಡಿ. ಹೊರಗೆ ಗಾಢ ಕಂದು, ನಡುವಿನ ಎಳೆಗಳು ಇನ್ನೂ ಹೊಂಬಣ್ಣದಲ್ಲೇ ಇದ್ದರೆ ದ್ರಾವಣ ಒಳಗೆ ಹೋಗಿಲ್ಲ. ಮೊದಲು ಅಸಿಟೋನ್‌ನಲ್ಲಿ ನೂಲಿನ ಫಿನಿಶ್ ಪೂರ್ತಿ ತೆಗೆಯಿರಿ, ಬಫರ್‌ನಲ್ಲಿ ನೆನೆಸಿ ನಿರ್ವಾತ ಎಳೆದು ಗಾಳಿ ಬಿಡಿಸಿ, ಆಮೇಲೆ ಡೋಪಮೈನ್.

ಎಪಾಕ್ಸಿಗೆ ಬರೀ ಡೋಪಮೈನ್‌ಗಿಂತ ಪಾಲಿಎಥಿಲೀನ್‌ಇಮೈನ್ ಜೊತೆ ಹಾಕೋದು ಒಳ್ಳೇದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಅಣುತೂಕ 600ರದ್ದು, ಡೋಪಮೈನ್‌ನಷ್ಟೇ ತೂಕ. ಕಾಳು ಕಡಿಮೆ, ಮೈ ನುಣುಪು, ಮೇಲೆ ಉಳಿಯೋ ಅಮೈನ್ ಗುಂಪುಗಳು ಎಪಾಕ್ಸಿ ಜೊತೆ ನೇರವಾಗಿ ಬಂಧ ಕಟ್ಟುತ್ತೆ. ಆದರೆ ಅದು ಸ್ವತಃ ಕ್ಷಾರ. ಮೊದಲು ಅದನ್ನು ಬಫರ್‌ಗೆ ಹಾಕಿ ಪಿಎಚ್ ಮತ್ತೆ 8.5ಕ್ಕೆ ತಂದು, ಆಮೇಲೆ ಡೋಪಮೈನ್ ಹಾಕಿ.

ದಪ್ಪ 20-40 ನ್ಯಾನೋಮೀಟರ್ ಧಾರಾಳ. ದಪ್ಪ ಮಾಡಿದಷ್ಟೂ ಬಲ ಏರೋದಿಲ್ಲ, ಫಿಲ್ಮ್ ಒಳಗೇ ಸೀಳುತ್ತೆ. ಒಣಗಿಸೋದರಲ್ಲಿ ಅವಸರ ಬೇಡ: ಅರಾಮಿಡ್ ತಾನೇ ತೂಕದ 3-7 ಶೇಕಡಾ ತೇವ ಹಿಡಿಯುತ್ತೆ, ಮೇಲೆ ಪಾಲಿಡೋಪಮೈನ್ ಬೇರೆ. 105 ಡಿಗ್ರಿಯಲ್ಲಿ ತೂಕ ಇಳಿಯೋದು ನಿಲ್ಲೋವರೆಗೆ ಇಟ್ಟು, ಬಿಸಿ ಇರುವಾಗಲೇ ರಾಳ ಹಚ್ಚಿ. ಇಲ್ಲದಿದ್ದರೆ ಲ್ಯಾಮಿನೇಟ್‌ನಲ್ಲಿ ಸೂಜಿಮೊನೆಯಂಥ ಗುಳ್ಳೆಗಳು ಬರುತ್ತೆ, ರೇಡೋಮ್‌ಗಾದರೆ (ಆಂಟೆನಾದ ಹೊದಿಕೆ) ಸಿಗ್ನಲ್ ನಷ್ಟವೂ ಸೇರಿಕೊಳ್ಳುತ್ತೆ. ಪಾಲಿಎಥಿಲೀನ್ ನೂಲಾದರೆ 80 ಡಿಗ್ರಿ ಮೀರಬೇಡಿ.

ಪರೀಕ್ಷೆಗೆ ಶಾರ್ಟ್ ಬೀಮ್ (ಗಿಡ್ಡ ಪಟ್ಟಿಯನ್ನು ಬಗ್ಗಿಸಿ ಪದರಗಳ ಅಂಟು ನೋಡೋದು), ಎಎಸ್‌ಟಿಎಂ ಡಿ2344, ಸ್ಪ್ಯಾನ್ ದಪ್ಪದ 4 ಪಟ್ಟು. ಮುರಿದ ಮೈಯನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಲೇಬೇಕು. ಎಳೆಗಳಿಂದ ಸಿಪ್ಪೆ ಸುಲಿದ ಹಾಗೆ ಸಣ್ಣ ನಾರು ಎದ್ದಿದ್ದರೆ ಅಂಟು ಗೆದ್ದಿದೆ, ಸೋತಿದ್ದು ಅರಾಮಿಡ್‌ನ ಹೊರಪದರ. ಅಲ್ಲಿಂದ ಮುಂದೆ ಲೇಪನ ಎಷ್ಟು ಸುಧಾರಿಸಿದರೂ ಅಂಕಿ ಏರೋದಿಲ್ಲ. ಗುಂಡು ತಡೆಯೋ ಫಲಕಕ್ಕೆ ಇದೇ ಲೇಪನ ಹಾಕೋ ಯೋಚನೆ ಇದ್ದರೆ ಹುಷಾರು, ಅಲ್ಲಿ ಎಳೆ ರಾಳದಿಂದ ಬಿಟ್ಟುಕೊಂಡು ಚಾಚಿದರೇನೇ ಶಕ್ತಿ ಹೀರೋದು, ಅಂಟು ಅತಿಯಾದರೆ ನಷ್ಟ.


ಅಡಿಕೆನಾಡು:

ಟ್ಯಾನಿಕ್ ಆಮ್ಲದ ಪ್ರಶ್ನೆಗೆ ನನ್ನದೂ ಒಂದು ಸೇರಿಸ್ತೀನಿ. ನಮ್ಮ ಕಡೆ ಅಡಿಕೆ ಬೇಯಿಸಿದಾಗ ಸಿಗೋ ಚೊಗರು ಪೂರಾ ಟ್ಯಾನಿನ್ನೇ ಅಲ್ವಾ, ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗೋದಿಲ್ಲ. ಅದನ್ನೇ ಕಬ್ಬಿಣದ ಲವಣದ ಜೊತೆ ಲೇಪನಕ್ಕೆ ಬಳಸಬಹುದಾ?


ಕ್ಷಾರಾಮ್ಲ:

ಒಳ್ಳೆ ಪ್ರಶ್ನೆ. ಮೊದಲು ಟ್ಯಾನಿಕ್ ಆಮ್ಲದ ವಿಧಾನ ಹೇಳ್ತೀನಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಕರೂಸೋ ಅವರ ತಂಡ 2013ರಲ್ಲಿ ಪ್ರಕಟಿಸಿದ್ದು: ಮಿಲಿಲೀಟರಿಗೆ 0.4 ಮಿಲಿಗ್ರಾಂ ಟ್ಯಾನಿಕ್ ಆಮ್ಲ, 0.1 ಮಿಲಿಗ್ರಾಂ ಫೆರಿಕ್ ಕ್ಲೋರೈಡ್ ಹೆಕ್ಸಾಹೈಡ್ರೇಟ್, ಚೆನ್ನಾಗಿ ಬೆರೆಸಿ ಆಮೇಲೆ ಪಿಎಚ್ 8ರ ಕಡೆಗೆ ಏರಿಸೋದು. ಒಂದು ನಿಮಿಷವೂ ಬೇಡ, ಸುಮಾರು 10 ನ್ಯಾನೋಮೀಟರ್ ಫಿಲ್ಮ್ ರೆಡಿ. ದಪ್ಪ ಬೇಕಾದರೆ ತೊಳೆದು ಮತ್ತೆ ಮತ್ತೆ ಮಾಡಬೇಕು. ಕ್ರಮ ತಪ್ಪಿಸಬೇಡಿ, ಕಬ್ಬಿಣ ಹಾಕೋ ಮುಂಚೆ ಪಿಎಚ್ ಏರಿಸಿದರೆ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತುಕ್ಕು ಬಣ್ಣದ ಕೆಸರು ಬರುತ್ತೆ. ಸರಿಯಾಗಿ ಆದರೆ ನೀಲಿ ಕಪ್ಪಿನಿಂದ ನೇರಳೆ ಕೆಂಪಿಗೆ ತಿರುಗುತ್ತೆ, ಒಂದು ಕಬ್ಬಿಣವನ್ನು ಮೂರು ಫೀನಾಲ್ ಜೋಡಿಗಳು ಹಿಡಿದಿವೆ ಅಂತ ಅರ್ಥ.

ತೆಳುಪದರ ಅವರ ತಾಮ್ರದ ಕೆಲಸಕ್ಕೆ ಇದು ಆಗೋದಿಲ್ಲ. ಈ ಫಿಲ್ಮನ್ನು ಕಟ್ಟಿ ಹಿಡಿದಿರೋದೇ ಕಬ್ಬಿಣ, ತಾಮ್ರದ ಬಾತ್‌ನಲ್ಲಿರೋ ಇಡಿಟಿಎ ಆ ಕಬ್ಬಿಣವನ್ನೇ ಕಿತ್ತುಕೊಳ್ಳುತ್ತೆ, ಫಿಲ್ಮ್ ಕಣ್ಣೆದುರೇ ಬಿಚ್ಚಿಕೊಳ್ಳುತ್ತೆ. ಆಮ್ಲದಲ್ಲೂ ಅಷ್ಟೇ, ಪಿಎಚ್ 3ಕ್ಕಿಂತ ಕೆಳಗೆ ನಿಲ್ಲೋದಿಲ್ಲ. ಬಟ್ಟೆಗಾದರೆ ಪರವಾಗಿಲ್ಲ, ಡೋಪಮೈನ್‌ಗಿಂತ ಎಷ್ಟೋ ಅಗ್ಗ. ಅಲ್ಲಿ ಕಬ್ಬಿಣ ಬಿಟ್ಟು ಟ್ಯಾನಿಕ್ ಆಮ್ಲದ ಜೊತೆ ಪಾಲಿಎಥಿಲೀನ್‌ಇಮೈನ್ ಹಾಕೋದು ಇನ್ನೂ ವಾಸಿ. ಆದರೆ ಸಾಂದ್ರ ದ್ರಾವಣಗಳನ್ನು ಬೆರೆಸಿದ ಕೂಡಲೇ ಮೊಸರೊಡೆದ ಹಾಗೆ ಗಂಟು ಕಟ್ಟುತ್ತೆ, ಎರಡನ್ನೂ ತೆಳುವಾಗಿ ಮಾಡಿಕೊಂಡು ಕಲಕುತ್ತಾ ಸೇರಿಸಿ.

ಚೊಗರು: ಟ್ಯಾನಿಕ್ ಆಮ್ಲ ಅಂದರೆ ಗ್ಲೂಕೋಸ್ ಸುತ್ತ ಗ್ಯಾಲಿಕ್ ಆಮ್ಲ ಜೋಡಿಸಿದ್ದು. ಅಡಿಕೆಯದು ಬೇರೆ ಜಾತಿ, ಕ್ಯಾಟೆಚಿನ್ ಘಟಕಗಳು ಸರಪಳಿಯಾದ ಕಂಡೆನ್ಸ್ಡ್ ಟ್ಯಾನಿನ್. ಅದರಲ್ಲೂ ಕ್ಯಾಟೆಕಾಲ್ ಉಂಗುರ ಇದೆ, ಕಬ್ಬಿಣ ಹಿಡಿಯುತ್ತೆ, ಹಸಿರು ಕಪ್ಪು ಬಣ್ಣ ಬರುತ್ತೆ. ರಸಾಯನದ ಪ್ರಕಾರ ಆಗಬೇಕಾದ್ದೇ. ಆದರೆ ಚೊಗರು ಕಾಯಿ ಎಷ್ಟು ಬಲಿತಿತ್ತು, ಒಂದೇ ನೀರಲ್ಲಿ ಎಷ್ಟು ಸಲ ಬೇಯಿಸಿದ್ದು ಅನ್ನೋದರ ಮೇಲೆ ಬದಲಾಗುತ್ತೆ, ಸಕ್ಕರೆ, ಲವಣ, ಅರೆಕೋಲಿನ್ ಎಲ್ಲ ಸೇರಿರುತ್ತೆ. ಸರ್ಕ್ಯೂಟ್ ಹತ್ತಿರ ತರಬೇಡಿ, ಉಳಿದ ಪೊಟ್ಯಾಸಿಯಂ ಲವಣ ಒಂದೇ ಸಾಕು ಲೀಕೇಜ್‌ಗೆ. ಸೆಣಬು, ಕತ್ತಾಳೆ ನಾರಿನ ಕಾಂಪೊಸಿಟ್‌ಗೆ ನೋಡಬಹುದು. ತೆಳು ಮಾಡಿ, ಸೋಸಿ, ಒಣ ತೂಕ ಲೆಕ್ಕ ಹಾಕಿ ಪ್ರತಿ ಬ್ಯಾಚ್‌ಗೂ ಸಾಂದ್ರತೆ ಹೊಂದಿಸಿ, ಪಕ್ಕದಲ್ಲಿ ಶುದ್ಧ ಟ್ಯಾನಿಕ್ ಆಮ್ಲದ ಮಾದರಿ ಒಂದು ಇಟ್ಟುಕೊಂಡೇ ಹೋಲಿಸಿ.


ತೆಳುಪದರ:

ಕೊನೆಯದಾಗಿ, ಖರ್ಚಾದ ತಾಮ್ರದ ಬಾತ್ ಏನು ಮಾಡೋದು? ಸುಣ್ಣ ಹಾಕಿ ತಾಮ್ರ ಇಳಿಸಿ ಉಳಿದಿದ್ದು ಚೆಲ್ಲಬಹುದಾ?


ತಾಮ್ರದಾರಿ:

ಆಗೋದಿಲ್ಲ. ಇಡಿಟಿಎ ತಾಮ್ರವನ್ನು ಹಿಡಿದುಕೊಂಡಿರೋದರಿಂದ ಸುಣ್ಣಕ್ಕೆ ಹೈಡ್ರಾಕ್ಸೈಡ್ ಆಗಿ ಇಳಿಯೋದಿಲ್ಲ, ತಿಳಿ ನೀಲಿ ನೀರು ಹಾಗೇ ಉಳಿಯುತ್ತೆ. ಚರಂಡಿಗೆ ಬಿಟ್ಟರೆ ಮಣ್ಣಲ್ಲಿರೋ ಬೇರೆ ಲೋಹಗಳನ್ನೂ ಎಳೆದುಕೊಂಡು ಹೋಗುತ್ತೆ. ಬೇರೆ ಕ್ಯಾನ್‌ನಲ್ಲಿ ಕೂಡಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರೋ ಅಪಾಯಕಾರಿ ತ್ಯಾಜ್ಯದವರಿಗೆ ಕೊಡಿ. ಆಮ್ಲದ ತ್ಯಾಜ್ಯದ ಜೊತೆ ಸೇರಿಸಬೇಡಿ, ಉಳಿದ ಡಿಎಂಎಬಿ ಆಮ್ಲದಲ್ಲಿ ಬೇಗ ಒಡೆದು ಹೈಡ್ರೋಜನ್ ಬಿಡುತ್ತೆ. ಸುಮ್ಮನೆ ಇಟ್ಟರೂ ಕೆಲವು ದಿನ ನಿಧಾನವಾಗಿ ಅನಿಲ ಬರ್ತಾನೇ ಇರುತ್ತೆ, ಅದಕ್ಕೆ ಗಾಳಿ ಬಿಡೋ ಮುಚ್ಚಳದ ಕ್ಯಾನ್ ತಗೊಳ್ಳಿ, ಹುಡ್ ಒಳಗೇ ಇಡಿ, ಬಿಗಿಯಾಗಿ ಮುಚ್ಚಬೇಡಿ.